ಅರಮನೆಯ ಹಿಂದಿನ ಕಾಡು, ಕೆರೆಯ ದಂಡೆಯ ದಾರಿ: ಕೊಡಗಿನಲ್ಲಿ ಮನೆಮಂದಿಯ ಜೊತೆ ಎರಡು ದಿನದ ನಡಿಗೆ

ಕೊಡಗಿನ ಚಾರಣ ಎಂದ ಕೂಡಲೇ ಮಾತು ಬೆಟ್ಟದ ತುದಿಗೆ ಹೋಗುತ್ತದೆ. ತಡಿಯಂಡಮೋಳ್, ಪುಷ್ಪಗಿರಿ, ಬ್ರಹ್ಮಗಿರಿ, ಕೋಟೆಬೆಟ್ಟ. ಕಾಲೇಜು ಹುಡುಗರ ಗುಂಪಿಗೆ ಅದು ಸರಿ. ಆರು ವರ್ಷದ ಮಗು, ಮಂಡಿನೋವಿನ ಅತ್ತೆ, ನಡೆದು ಅಭ್ಯಾಸವಿಲ್ಲದ ಪೇಟೆಯ ನೆಂಟರು ಜೊತೆಗಿದ್ದರೆ ಲೆಕ್ಕವೇ ಬೇರೆ. ಎಲ್ಲಿಂದ ಹಿಂದಿರುಗುತ್ತೇವೆ ಎಂಬುದನ್ನು ಆಗ ಮನೆಯಲ್ಲೇ ಕೂತು ತೀರ್ಮಾನಿಸಿಕೊಂಡು ಹೊರಡಬೇಕು. ಅದೊಂದು ಗಟ್ಟಿಯಾದರೆ ಊಟ, ನೀರು, ಹೊತ್ತು ಎಲ್ಲವೂ ಅದರ ಸುತ್ತ ತಾನಾಗಿ ಹೊಂದಿಕೊಳ್ಳುತ್ತವೆ.

ಇಲ್ಲಿ ಹೇಳುವ ದಾರಿಗಳು ಎರಡು ದಿನಕ್ಕೆ ಹೊಂದುವಂಥವು. ಮೊದಲ ದಿನ ಕಕ್ಕಬ್ಬೆಯ ನಾಲ್ಕುನಾಡು ಅರಮನೆ ಮತ್ತು ಅದರ ಹಿಂದಿನ ಕಾಡು. ಎರಡನೆಯ ದಿನ ನೀರಿನ ದಂಡೆ: ಚಿಕ್ಲಿಹೊಳೆ ಜಲಾಶಯ ಇಲ್ಲವೇ ಹೊನ್ನಮ್ಮನ ಕೆರೆ. ಅರಮನೆಯ ಎದುರಿಗೇ ಕೆರೆ ಇರುತ್ತದೆ ಎಂದುಕೊಂಡು ಬರಬೇಡಿ. ಕೊಡಗು ಹೊಳೆ, ತೋಡುಗಳ (ಸಣ್ಣ ಹಳ್ಳಗಳ) ನಾಡು. ದೊಡ್ಡ ಕೆರೆಗಳು ಕಡಿಮೆ, ಇಲ್ಲಿ ಹೇಳುವ ಎರಡೂ ಜಿಲ್ಲೆಯ ಇನ್ನೊಂದು ಮಗ್ಗುಲಲ್ಲಿವೆ. ಒಂದೇ ದಿನದಲ್ಲಿ ಎರಡನ್ನೂ ಮುಗಿಸಲು ಹೊರಟರೆ ನಡೆಯುವುದಕ್ಕಿಂತ ಕಾರಿನಲ್ಲಿ ಕೂರುವುದೇ ಹೆಚ್ಚಾಗುತ್ತದೆ. ನಮ್ಮ ಘಟ್ಟದ ತಿರುವುಗಳಲ್ಲಿ ಮಕ್ಕಳ ಹೊಟ್ಟೆ ತೊಳಸದೆ ಇರುವುದಿಲ್ಲ.

ಮೊದಲು ತಿಂಗಳು ನೋಡಿ

ಅಕ್ಟೋಬರ್ ಕೊನೆಯಿಂದ ಫೆಬ್ರವರಿಯವರೆಗೆ ಮನೆಮಂದಿಯ ನಡಿಗೆಗೆ ಅತ್ಯಂತ ಒಳ್ಳೆಯ ಕಾಲ. ಮಳೆ ನಿಂತಿರುತ್ತದೆ, ತೋಡುಗಳಲ್ಲಿ ಇನ್ನೂ ನೀರಿರುತ್ತದೆ, ಹುಲ್ಲು ಹಸಿರಾಗಿಯೇ ಇರುತ್ತದೆ. ಡಿಸೆಂಬರ್, ಜನವರಿಯ ಬೆಳಗಿನಲ್ಲಿ ಚಳಿ ಜೋರು. ಮಕ್ಕಳಿಗೆ ಒಂದೇ ದಪ್ಪ ಸ್ವೆಟರ್ ಹಾಕುವ ಬದಲು ತೆಳುವಾದ ಎರಡು ಪದರ ಹಾಕಿ. ಒಂಬತ್ತು ಗಂಟೆಗೆ ಬಿಸಿಲು ಏರಿದರೆ ಒಂದನ್ನು ಬಿಚ್ಚಿ ಚೀಲಕ್ಕೆ ಹಾಕಬಹುದು.

ಫೆಬ್ರವರಿ ಕೊನೆ, ಮಾರ್ಚ್ ಹೊತ್ತಿಗೆ ಎರಡು ಸಂಗತಿ ಒಟ್ಟಿಗೇ ನಡೆಯುತ್ತವೆ. ಹೂಮಳೆ ಬಿದ್ದು ವಾರ ಹತ್ತು ದಿನಕ್ಕೆ ಕಾಫಿ ತೋಟ ಬೆಳ್ಳಗೆ ಅರಳುತ್ತದೆ, ಆ ಪರಿಮಳವನ್ನು ಮಕ್ಕಳು ಒಮ್ಮೆಯಾದರೂ ಮೂಗಿನಲ್ಲಿ ತುಂಬಿಕೊಳ್ಳಬೇಕು. ಆದರೆ ಅದೇ ತಿಂಗಳುಗಳಲ್ಲಿ ಬೆಟ್ಟದ ಹುಲ್ಲು ಒಣಗಿ ಕಾಡ್ಗಿಚ್ಚಿನ ಭಯವೂ ಇರುತ್ತದೆ. ಅರಣ್ಯ ಇಲಾಖೆ ಬೆಟ್ಟದ ದಾರಿಗಳನ್ನು ಮುಚ್ಚಬಹುದು. ಮುಚ್ಚಿದ್ದರೆ ಮುಚ್ಚಿದ್ದೇ, ಕಳ್ಳದಾರಿ ತೋರಿಸುತ್ತೇನೆ ಎನ್ನುವವರ ಮಾತು ಕೇಳಬೇಡಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಕ್ಕಳನ್ನೂ ಹಿರಿಯರನ್ನೂ ಈ ಕಾಡುದಾರಿಗಳಿಗೆ ಕರೆತರುವುದು ಬೇಡ. ಮಳೆಯ ಕೊಡಗು ಚೆಂದವೇ, ಅದನ್ನು ಜಗಲಿಯಲ್ಲಿ ಕೂತು ನೋಡಬಹುದು. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಜರಿದದ್ದನ್ನು ಇಲ್ಲಿಯವರು ಯಾರೂ ಮರೆತಿಲ್ಲ. ಮಳೆಗಾಲದಲ್ಲಿ ಜಿಲ್ಲಾಡಳಿತ ಚಾರಣ ನಿಲ್ಲಿಸಿದೆ ಎಂಬ ಸುದ್ದಿ ಬಂದರೆ ಅದರ ಹಿಂದೆ ಅಂಥ ಅನುಭವವಿದೆ.

ಇನ್ನೂ ಒಂದು ಲೆಕ್ಕ. ಅಕ್ಟೋಬರ್ 17ರ ಆಸುಪಾಸು ತಲಕಾವೇರಿಯಲ್ಲಿ ತೀರ್ಥೋದ್ಭವ. ಆಗ ಭಾಗಮಂಡಲ, ನಾಪೋಕ್ಲು ಕಡೆಯ ರಸ್ತೆಗಳಲ್ಲಿ ಜನಸಾಗರ. ಸಾಲು ರಜೆಯ ವಾರಾಂತ್ಯಗಳಲ್ಲೂ ಅಷ್ಟೇ. ಸಾಧ್ಯವಿದ್ದರೆ ವಾರದ ನಡುವೆ ಬನ್ನಿ, ಅರಮನೆಯ ಅಂಗಳ ನಿಮ್ಮ ಪಾಲಿಗೇ ಸಿಗುತ್ತದೆ.

ಕಕ್ಕಬ್ಬೆಗೆ ತಲುಪುವುದು

ಕೊಡಗು ಜಿಲ್ಲೆಯೊಳಗೆ ರೈಲು ಇಲ್ಲ. ಮೈಸೂರಿನವರೆಗೆ ರೈಲಿನಲ್ಲಿ ಬಂದು ಅಲ್ಲಿಂದ ಬಸ್ಸು ಇಲ್ಲವೇ ಕಾರು ಹಿಡಿಯಬೇಕು. ಕಕ್ಕಬ್ಬೆಗೆ ಎರಡು ದಾರಿ: ಮಡಿಕೇರಿಯಿಂದ ನಾಪೋಕ್ಲು ಮೇಲೆ ಒಂದು, ವಿರಾಜಪೇಟೆಯಿಂದ ಇನ್ನೊಂದು. ಎರಡೂ ಕಡೆಯಿಂದ ಖಾಸಗಿ ಬಸ್ಸುಗಳಿವೆ, ಆದರೆ ಪೇಟೆಯ ಬಸ್ಸಿನಂತೆ ಹತ್ತು ನಿಮಿಷಕ್ಕೊಂದು ಬರುವುದಿಲ್ಲ. ಇಳಿಯುವ ಹೊತ್ತಿನಲ್ಲೇ ಕಂಡಕ್ಟರ್ ಹತ್ತಿರ 'ಅಣ್ಣಾ, ವಾಪಸ್ಸು ಕೊನೇ ಬಸ್ಸು ಎಷ್ಟೊತ್ತಿಗೆ?' ಎಂದು ಕೇಳಿಟ್ಟುಕೊಳ್ಳಿ. ಅರಮನೆಗೆ ಹೋಗುವವರು ಕೈಕಾಂಬದಲ್ಲಿ ಇಳಿಯುತ್ತಾರೆ. ಅಲ್ಲಿಂದ ಒಳಕ್ಕೆ ಏರುದಾರಿ. ಮಕ್ಕಳ ಕಾಲಿನ ಶಕ್ತಿಯನ್ನು ಇಲ್ಲೇ ಖರ್ಚು ಮಾಡಿಸಬೇಡಿ, ಜೀಪು ಅಥವಾ ಆಟೊ ಸಿಕ್ಕರೆ ಅರಮನೆಯವರೆಗೆ ಅದರಲ್ಲೇ ಹೋಗಿ.

ಸ್ವಂತ ಕಾರಿನಲ್ಲಿ ಬರುವವರು ಪೆಟ್ರೋಲ್, ಎಟಿಎಂ, ಔಷಧಿ ಅಂಗಡಿ ಕೆಲಸಗಳನ್ನು ಮಡಿಕೇರಿ ಇಲ್ಲವೇ ವಿರಾಜಪೇಟೆಯಲ್ಲೇ ಮುಗಿಸಿಕೊಳ್ಳಿ. ಮೊಬೈಲ್ ಸಿಗ್ನಲ್ ಬಂದು ಹೋಗಿ ಮಾಡುತ್ತದೆ. ನಕ್ಷೆಯನ್ನು ಮೊದಲೇ ಇಳಿಸಿಟ್ಟುಕೊಂಡರೆ ಒಳ್ಳೆಯದು. ಹೋಂಸ್ಟೇ ಕಾದಿರಿಸಿದ್ದರೆ ಆ ಮನೆಯವರ ಹತ್ತಿರ ದಾರಿ ಕೇಳಿ. ನಕ್ಷೆ ಕೆಲವೊಮ್ಮೆ ಯಾರದೋ ತೋಟದ ಗೇಟಿಗೆ ತಂದು ನಿಲ್ಲಿಸುತ್ತದೆ.

ಅರಮನೆಗೆ ಒಂದು ಗಂಟೆ ಕೊಡಿ

ಹೆಚ್ಚಿನವರು ನಾಲ್ಕುನಾಡು ಅರಮನೆಯನ್ನು ತಡಿಯಂಡಮೋಳ್ ಹತ್ತುವವರು ಕಾರು ನಿಲ್ಲಿಸುವ ಜಾಗ ಎಂಬಂತೆ ನೋಡಿ ಮುಂದೆ ಹೋಗುತ್ತಾರೆ. ನನ್ನ ಪ್ರಕಾರ ಮಕ್ಕಳಿರುವ ಮನೆಯವರಿಗೆ ಈ ದಿನದ ಮುಖ್ಯ ಜಾಗವೇ ಇದು. ಯವಕಪಾಡಿ ಗ್ರಾಮದ ಈ ಎರಡಂತಸ್ತಿನ ಹೆಂಚಿನ ಕಟ್ಟಡವನ್ನು ಕೊಡಗನ್ನು ಆಳಿದ ಹಾಲೇರಿ ವಂಶದ ದೊಡ್ಡ ವೀರರಾಜೇಂದ್ರ 1792ರಿಂದ 1794ರ ನಡುವೆ ಕಟ್ಟಿಸಿದ. ಮೈಸೂರಿನ ಅರಮನೆ ನೋಡಿ ಬಂದ ಮಕ್ಕಳು 'ಇದು ಅರಮನೆಯಾ?' ಎಂದು ಕೇಳಿಯೇ ಕೇಳುತ್ತಾರೆ. ಆ ಪ್ರಶ್ನೆಗೆ ಉತ್ತರ ಕಟ್ಟಿಸಿದವನ ಕಥೆಯಲ್ಲಿದೆ.

ದೊಡ್ಡ ವೀರರಾಜೇಂದ್ರನನ್ನು ಅವನ ಮನೆಯವರ ಜೊತೆ ಟಿಪ್ಪು ಸುಲ್ತಾನ್ ಪಿರಿಯಾಪಟ್ಟಣದಲ್ಲಿ ಸೆರೆಯಲ್ಲಿಟ್ಟಿದ್ದ. 1788ರಲ್ಲಿ ಅವನು ಅಲ್ಲಿಂದ ತಪ್ಪಿಸಿಕೊಂಡು ಬಂದು ಕೊಡವರನ್ನು ಕೂಡಿಸಿಕೊಂಡು ವರ್ಷಗಟ್ಟಲೆ ಹೋರಾಡಿದ. ಅಂಥವನು ಮನೆ ಕಟ್ಟುವಾಗ ಬಯಲು ಹುಡುಕುತ್ತಾನೆಯೇ? ಸುತ್ತ ದಟ್ಟ ಕಾಡು, ಬೆನ್ನಿಗೆ ಕೊಡಗಿನಲ್ಲೇ ಎತ್ತರದ ಬೆಟ್ಟ, ಬರುವವರಿಗೆ ಕಡಿದಾದ ಏರು. ಈ ಜಾಗವನ್ನು ಆರಿಸಿದ್ದರಲ್ಲೇ ಅವನ ಬದುಕು ಕಾಣುತ್ತದೆ. ಒಳಗಿನ ಕತ್ತಲೆ ಕೋಣೆಗಳನ್ನೂ ಇಕ್ಕಟ್ಟಾದ ಓಡಾಟದ ಜಾಗಗಳನ್ನೂ ಮಕ್ಕಳಿಗೆ ತೋರಿಸುವಾಗ ಈ ಕಥೆ ಹೇಳಿ. 'ಶತ್ರು ಬಂದರೆ ನೀನಾದರೆ ಎಲ್ಲಿ ಅಡಗುತ್ತಿದ್ದೆ?' ಎಂದು ಕೇಳಿದರೆ ಸಾಕು, ಅರ್ಧ ಗಂಟೆ ಅವರು ಬೇರೇನೂ ಕೇಳುವುದಿಲ್ಲ.

ಮರದ ಕಂಬ, ಕಿಟಕಿ, ಬಾಗಿಲುಗಳ ಕೆತ್ತನೆಯನ್ನು ಹತ್ತಿರದಿಂದ ನೋಡಿ. ಗೋಡೆಯ ಮೇಲಿನ ಹಳೆಯ ಚಿತ್ರಗಳು ಮಾಸಿವೆ. ಬಂದುಹೋದವರು ಹೆಸರು ಕೊರೆದು ಇನ್ನಷ್ಟು ಹಾಳು ಮಾಡಿದ್ದಾರೆ. ಮಕ್ಕಳ ಕೈ ಗೋಡೆಗೆ ತಾಗದಂತೆ ನೋಡಿಕೊಳ್ಳಿ. ಇಂಥ ಚಿತ್ರಕ್ಕೆ ಕೈಯ ಬೆವರೂ ಶತ್ರುವೇ ಎಂದು ಅವರಿಗೆ ಹೇಳಿದರೆ ಅರ್ಥವಾಗುತ್ತದೆ. ಅಂಗಳದಲ್ಲಿ ಒಂದು ಚಿಕ್ಕ ಮಂಟಪವಿದೆ. 1796ರಲ್ಲಿ ದೊಡ್ಡ ವೀರರಾಜೇಂದ್ರ ಮಹಾದೇವಮ್ಮಾಜಿಯನ್ನು ಮದುವೆಯಾದದ್ದು ಇಲ್ಲಿ ಎಂದು ಹೇಳುತ್ತಾರೆ. ಈ ಇಬ್ಬರ ಸಮಾಧಿಯೂ ಮಡಿಕೇರಿಯ ಗದ್ದಿಗೆಯಲ್ಲಿದೆ. ನಾಳೆ ಆ ಕಡೆ ಹೋಗುವವರು ಮಕ್ಕಳಿಗೆ ಈ ಮಂಟಪವನ್ನು ನೆನಪಿಸಬಹುದು.

ದೊಡ್ಡ ಮಕ್ಕಳಿಗೆ ಕಥೆಯ ಇನ್ನೊಂದು ತುದಿಯನ್ನೂ ಹೇಳಿ. 1834ರಲ್ಲಿ ಬ್ರಿಟಿಷರ ಸೈನ್ಯ ಹಲವು ಕಡೆಯಿಂದ ಕೊಡಗಿಗೆ ನುಗ್ಗಿದಾಗ ಕೊನೆಯ ಅರಸ ಚಿಕ್ಕ ವೀರರಾಜೇಂದ್ರ ಮಡಿಕೇರಿ ಬಿಟ್ಟು ಬಂದದ್ದು ಈ ಮನೆಗೇ. ಇಲ್ಲಿಂದ ಅವನು ಶರಣಾಗಲು ಹೋದ, ಪದಚ್ಯುತನಾಗಿ ಕಾಶಿಯಲ್ಲಿದ್ದ, ಆಮೇಲೆ ಇಂಗ್ಲೆಂಡಿಗೆ ಹೋಗಿ ಅಲ್ಲೇ ತೀರಿಕೊಂಡ. ಹಾಲೇರಿ ಅರಸರ ಆಳ್ವಿಕೆ ಮುಗಿದದ್ದು ಹೀಗೆ.

ಬಾಗಿಲು ಹಾಕಿದ್ದರೆ ಅಲ್ಲಿ ನೋಡಿಕೊಳ್ಳುವವರು ಇರುತ್ತಾರೆ, ಕೇಳಿದರೆ ತೆಗೆದು ತೋರಿಸುತ್ತಾರೆ. ಮೇಲಿನ ಅಂತಸ್ತಿಗೆ ಹೋಗುವ ಮೆಟ್ಟಿಲು ಹಿರಿಯರಿಗೆ ಕಷ್ಟ. ಅವರು ಜಗಲಿಯಲ್ಲಿ ಕೂತು ಬೆಟ್ಟ ನೋಡುತ್ತಿರಲಿ.

ಅರಮನೆಯಿಂದ ಮೇಲಕ್ಕೆ, ಎಲ್ಲಿಯವರೆಗೆ?

ಅರಮನೆಯ ಪಕ್ಕದ ದಾರಿ ಮೊದಲು ಕಾಫಿ, ಕರಿಮೆಣಸಿನ ತೋಟಗಳ ನಡುವೆ ಏರುತ್ತದೆ. ಇದು ರಸ್ತೆ, ಜೀಪು ಓಡಾಡುತ್ತವೆ. ಆಮೇಲೆ ಅರಣ್ಯ ಇಲಾಖೆಯ ಗೇಟು. ಅಲ್ಲಿಂದ ಮುಂದೆ ಮರಗಳ ನೆರಳಿನ ಕಾಲುದಾರಿ, ನಡುನಡುವೆ ಅಡ್ಡ ಹರಿಯುವ ತೋಡುಗಳು. ಅದನ್ನು ದಾಟಿದರೆ ಹುಲ್ಲಿನ ಬಯಲು, ಒಂದು ದೊಡ್ಡ ಬಂಡೆ. ಬಂಡೆಯ ಆಚೆ ದಾರಿ ಒಮ್ಮೆಲೇ ಕಡಿದಾಗುತ್ತದೆ, ಮಣ್ಣು ಜಾರುತ್ತದೆ, ಶೋಲಾ ಕಾಡಿನೊಳಗೆ (ಎತ್ತರದ ಬೆಟ್ಟದ ಮಡಿಲುಗಳಲ್ಲಿ ಬೆಳೆಯುವ ಕುಳ್ಳು ಮರಗಳ ದಟ್ಟ ಕಾಡು) ಬೇರು ಹಿಡಿದು ಹತ್ತಬೇಕು. ತಡಿಯಂಡಮೋಳ್ ತುದಿ 1,748 ಮೀಟರ್ ಎತ್ತರದಲ್ಲಿದೆ.

ಗೇಟಿನಿಂದ ಮುಂದೆ ಹೋಗುವವರು ಅರಣ್ಯ ಇಲಾಖೆಯ 'ಅರಣ್ಯ ವಿಹಾರ' ಜಾಲತಾಣದಲ್ಲಿ ಮೊದಲೇ ಟಿಕೆಟ್ ಮಾಡಿಸಿಕೊಳ್ಳಬೇಕು. ಗುರುತಿನ ಚೀಟಿ ಕೈಯಲ್ಲಿರಲಿ. ಪ್ಲಾಸ್ಟಿಕ್ ಬಾಟಲಿ, ಪೊಟ್ಟಣಗಳನ್ನು ಒಳಗೆ ಬಿಡುವುದಿಲ್ಲ, ಇಲ್ಲವೇ ಎಣಿಸಿ ಬಿಡುತ್ತಾರೆ. ಸ್ಟೀಲ್ ಬಾಟಲಿ, ಡಬ್ಬಿ ತಂದರೆ ಈ ಗೊಡವೆಯೇ ಇಲ್ಲ. ಬೆಟ್ಟದ ಮೇಲೆ ಡೇರೆ ಹಾಕಿ ತಂಗಲು ಅವಕಾಶವಿಲ್ಲ.

ಮನೆಯವರನ್ನು ನೋಡಿ ಹಿಂದಿರುಗುವ ಜಾಗವನ್ನು ಹೀಗೆ ಗೊತ್ತು ಮಾಡಿಕೊಳ್ಳಿ. ಐದು ವರ್ಷದೊಳಗಿನ ಮಕ್ಕಳು, ಮಂಡಿನೋವಿನವರು ಇದ್ದರೆ ಅರಮನೆಯ ಸುತ್ತಮುತ್ತ ಮತ್ತು ತೋಟದ ರಸ್ತೆಯ ಮೊದಲ ತಿರುವುಗಳು ಸಾಕು. ಆರರಿಂದ ಹತ್ತು ವರ್ಷದ ಮಕ್ಕಳಿಗೆ ಕಾಡಿನೊಳಗಿನ ತೋಡು ಒಳ್ಳೆಯ ಗುರಿ. ಅಲ್ಲಿ ಕೂತು ತಿಂಡಿ ತಿಂದು ಕಾಲು ತೋಯಿಸಿಕೊಂಡು ಇಳಿಯಬಹುದು. ಹತ್ತು ದಾಟಿದ, ಶಾಲೆಯಲ್ಲಿ ಓಡಾಡಿ ಆಡುವ ಮಕ್ಕಳು ದೊಡ್ಡ ಬಂಡೆಯವರೆಗೆ ಬರುತ್ತಾರೆ. ಬಂಡೆಯ ಬಳಿ ನಿಂತರೆ ಕೆಳಗಿನ ಕಣಿವೆ ತೆರೆದುಕೊಳ್ಳುತ್ತದೆ, ತುದಿಯಿಂದ ಕಾಣುವುದರಲ್ಲಿ ಮುಕ್ಕಾಲು ಪಾಲು ಇಲ್ಲಿಂದಲೇ ಕಾಣುತ್ತದೆ. ಅದರ ಮೇಲಿನ ಏರನ್ನು ಮಕ್ಕಳಿರುವವರಿಗೆ ನಾನು ಹೇಳುವುದಿಲ್ಲ. ಹತ್ತುವುದಕ್ಕಿಂತ ಇಳಿಯುವುದು ಅಲ್ಲಿ ಕಷ್ಟ, ಬಳಲಿದ ಮಗುವನ್ನು ಆ ಜಾರುಮಣ್ಣಿನಲ್ಲಿ ಎತ್ತಿಕೊಂಡು ಇಳಿಯಲು ಆಗುವುದಿಲ್ಲ.

ಹೊತ್ತಿನ ಲೆಕ್ಕ ಸರಳ. ಬೆಳಗ್ಗೆ ಎಂಟಕ್ಕೆ ಅರಮನೆಯ ಬಳಿ ಇರಿ. ನೆರಳಿನಲ್ಲೇ ಮೇಲೆ ಹೋಗಿ, ಮಧ್ಯಾಹ್ನ ಹನ್ನೆರಡಕ್ಕೆ ಎಲ್ಲಿದ್ದರೂ ತಿರುಗಿ. ಗುರಿ ಕಣ್ಣಿಗೆ ಕಾಣುತ್ತಿದ್ದರೂ ತಿರುಗಿ. ಮಕ್ಕಳ ಜೊತೆ ಏರುದಾರಿಯಲ್ಲಿ ಗಂಟೆಗೆ ಒಂದೂವರೆ ಎರಡು ಕಿಲೋಮೀಟರ್ ಸಾಗಿದರೆ ಅದೇ ಚೆನ್ನಾದ ನಡಿಗೆ. ಗುಂಪಿನಲ್ಲಿ ಅತಿ ನಿಧಾನದವರನ್ನು ಮುಂದೆ ಬಿಡಿ, ದಾರಿ ಗೊತ್ತಿರುವ ದೊಡ್ಡವರೊಬ್ಬರು ಕೊನೆಯಲ್ಲಿರಲಿ. ಮಂಜು ಮುಸುಕಿದರೆ ಅಲ್ಲೇ ಒಟ್ಟಾಗಿ ನಿಲ್ಲಿ. ಹುಲ್ಲಿನ ಬಯಲಿನಲ್ಲಿ ಹತ್ತು ಹೆಜ್ಜೆ ಆಚೆ ಇದ್ದವರೂ ಕಾಣಿಸದ ಮಂಜು ಇಲ್ಲಿ ಬರುತ್ತದೆ. ಮಗುವಿನ ಕೊರಳಿಗೆ ಒಂದು ಸೀಟಿ ಹಾಕಿ, ಕಾಣದಿದ್ದರೆ ಊದು, ಇದ್ದಲ್ಲೇ ನಿಲ್ಲು ಎಂದು ಮನೆಯಲ್ಲೇ ಕಲಿಸಿ.

ದಾರಿಯಲ್ಲಿ ನೋಡಲು ಬೇಕಾದಷ್ಟಿದೆ. ಕೆಂದಳಿಲು ಮರದಿಂದ ಮರಕ್ಕೆ ಹಾರುವುದು ಮಕ್ಕಳಿಗೆ ಬಲು ಇಷ್ಟ. ತೋಡಿನ ಬಳಿ ಯಾರೋ ಶಿಳ್ಳೆ ಹಾಕಿದಂತೆ ಕೇಳಿದರೆ ಅದು ಸಿಳ್ಳಾರ ಹಕ್ಕಿ. ಮಂಗಟ್ಟೆ ಹಾರಿದರೆ ರೆಕ್ಕೆಯ ಸದ್ದು ಮೊದಲು ಕೇಳುತ್ತದೆ, ಹಕ್ಕಿ ಆಮೇಲೆ ಕಾಣುತ್ತದೆ. ಮಕ್ಕಳ ಹತ್ತಿರ ಒಂದು ಪುಸ್ತಕ, ಪೆನ್ಸಿಲ್ ಇದ್ದರೆ ನಿಂತಲ್ಲೆಲ್ಲ ಬರೆದುಕೊಳ್ಳುತ್ತಾರೆ, ದೊಡ್ಡವರಿಗೂ ದಣಿವಾರಿಸಿಕೊಳ್ಳಲು ನೆಪ ಸಿಗುತ್ತದೆ.

ಇಂಬಳ, ಉಣುಗು

ಮಳೆ ನಿಂತ ಹೊಸತರಲ್ಲಿ ನೆರಳಿನ ದಾರಿಯಲ್ಲಿ ಇಂಬಳ ಇದ್ದೇ ಇರುತ್ತದೆ. ಹೆದರಿಕೆಯೇ ದೊಡ್ಡದು, ಅದರಿಂದ ಅಪಾಯವಿಲ್ಲ. ಉದ್ದ ಪ್ಯಾಂಟು, ಉದ್ದ ಸಾಕ್ಸ್, ಪ್ಯಾಂಟಿನ ತುದಿಯನ್ನು ಸಾಕ್ಸ್ ಒಳಗೆ ಸೇರಿಸಿ. ಬೂಟಿನ ಸುತ್ತ ಬೇವಿನೆಣ್ಣೆ ಸವರಬಹುದು. ತೋಟದ ಕೆಲಸದವರು ಹೊಗೆಸೊಪ್ಪು, ಸುಣ್ಣ ಬಳಸುತ್ತಾರೆ, ಮಕ್ಕಳ ಚರ್ಮಕ್ಕೆ ಅದು ಬೇಡ. ಕಚ್ಚಿಕೊಂಡರೆ ಜಗ್ಗಿ ಎಳೆಯಬೇಡಿ, ಉಗುರಿನ ಅಂಚನ್ನು ಅದರ ಬಾಯಿಯ ಕಡೆಯಿಂದ ಜಾರಿಸಿದರೆ ಬಿಟ್ಟುಬಿಡುತ್ತದೆ. ಅದು ಬಿಟ್ಟ ಮೇಲೂ ರಕ್ತ ಸ್ವಲ್ಪ ಹೊತ್ತು ಒಸರುತ್ತದೆ, ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ವಸ್ತು ಅದರ ಜೊಲ್ಲಿನಲ್ಲಿರುವುದರಿಂದ ಹೀಗೆ. ತೊಳೆದು ಬಟ್ಟೆ ಒತ್ತಿ ಹಿಡಿದರೆ ನಿಲ್ಲುತ್ತದೆ. ತೋಡಿನ ದಂಡೆಯಲ್ಲಿ ಕೂರುವ ಮೊದಲು ಬಂಡೆ ನೋಡಿಕೊಂಡು ಕೂರಿ.

ಬೇಸಿಗೆಯಲ್ಲಿ ಇಂಬಳ ಮಾಯವಾಗಿ ಹುಲ್ಲಿನಲ್ಲಿ ಚರ್ಮಕ್ಕೆ ಕಚ್ಚಿಕೊಳ್ಳುವ ಉಣುಗು (ಉಣ್ಣೆ) ಇರುತ್ತದೆ. ರೂಮಿಗೆ ಬಂದ ಮೇಲೆ ಮಕ್ಕಳ ಕಂಕುಳು, ಕಿವಿಯ ಹಿಂದೆ, ತೊಡೆಸಂದು ನೋಡಿ. ನಡೆದ ಬಟ್ಟೆಯನ್ನು ಹಾಸಿಗೆಯ ಮೇಲೆ ಹಾಕಬೇಡಿ.

ತೋಟ ಯಾರದೋ, ದೇವರಕಾಡು ಊರಿನದು

ದಾರಿಯ ಎರಡೂ ಬದಿಯ ಕಾಫಿ ತೋಟಗಳಿಗೆ ಬೇಲಿ ಇಲ್ಲದಿದ್ದರೂ ಒಡೆಯರಿದ್ದಾರೆ. ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ಕೊಯ್ಲಿನ ಕಾಲ, ಕಣದಲ್ಲಿ ಕಾಫಿ ಒಣಗುತ್ತಿರುತ್ತದೆ. ಮಕ್ಕಳಿಗೆ ಅದರ ಮೇಲೆ ಓಡುವ ಆಸೆಯಾಗುವುದು ಸಹಜ, ತಡೆಯಿರಿ. ಅದು ಒಂದು ಮನೆಯ ವರ್ಷದ ದುಡಿಮೆ. ಕೇಳಿದರೆ ಕೆಲಸದವರೇ ಒಂದು ಹಣ್ಣು ಹಿಸುಕಿ ಒಳಗಿನ ಎರಡು ಬೀಜ ತೋರಿಸುತ್ತಾರೆ. ಗಿಡದಿಂದ ಕಿತ್ತು ಬಾಯಿಗೆ ಹಾಕಿಕೊಳ್ಳುವುದು ಮಾತ್ರ ಬೇಡ, ಔಷಧಿ ಹೊಡೆದಿರಬಹುದು.

ಕೊಡಗಿನಲ್ಲಿ ಸಾವಿರಕ್ಕೂ ಹೆಚ್ಚು ದೇವರಕಾಡುಗಳಿವೆ. ತೋಟದ ನಡುವೆ ಒಮ್ಮೆಲೇ ಹಳೆಯ ದೊಡ್ಡ ಮರಗಳ ಗುಂಪು ಎದ್ದು ಕಂಡರೆ ಅದು ಬಹುಶಃ ದೇವರಕಾಡು. ಅಲ್ಲಿ ಒಂದು ಎಲೆಯನ್ನೂ ಕೀಳುವಂತಿಲ್ಲ. ಒಳಗೆ ಕಾಲಿಡುವ ಮೊದಲು ಊರಿನವರನ್ನು ಕೇಳಬೇಕು. ಪ್ರತಿಯೊಂದಕ್ಕೂ ಅದರದೇ ಕಟ್ಟುಪಾಡಿದೆ.

ಮಧ್ಯಾಹ್ನ ಊಟದ ಮೇಲೆ ಶಕ್ತಿ ಉಳಿದಿದ್ದರೆ ಹತ್ತಿರದ ಪಾಡಿ ಇಗ್ಗುತ್ತಪ್ಪ ದೇವಸ್ಥಾನಕ್ಕೆ ಹೋಗಿ ಬನ್ನಿ. ಮಳೆ ಬೆಳೆಯ ದೇವರು ಇಗ್ಗುತ್ತಪ್ಪ, ಕೊಡಗಿನ ಸುಗ್ಗಿಯ ಹಬ್ಬವಾದ ಪುತ್ತರಿಯ ಮುಹೂರ್ತ ನಿಶ್ಚಯವಾಗುವುದು ಇಲ್ಲಿ. ಕಕ್ಕಬ್ಬೆ ಜೇನಿಗೂ ಹೆಸರಾದ ಊರು, ಒಂದು ಬಾಟಲಿ ಕೊಂಡರೆ ಬೆಳಗಿನ ಅಕ್ಕಿ ರೊಟ್ಟಿಗೆ ಆಯಿತು.

ಚೇಲಾವರ ಜಲಪಾತ ಇಲ್ಲಿಂದ ದೂರವಿಲ್ಲ, ಚೆಯ್ಯಂಡಾಣೆಯ ಕಡೆ. ಆದರೆ ಎಚ್ಚರಿಕೆಯ ಮಾತು ಹೇಳದೆ ಅದರ ಹೆಸರು ಹೇಳಲಾರೆ. ಬುಡದ ಹೊಂಡ ನೋಡಲು ಶಾಂತ, ಒಳಗೆ ಆಳ. ಈಜು ಬಲ್ಲವರೂ ಅಲ್ಲಿ ಮುಳುಗಿ ಸತ್ತಿದ್ದಾರೆ. ದೂರದಿಂದ ನೋಡಿ, ಮಕ್ಕಳ ಕೈ ಬಿಡದೆ ಹಿಂದಿರುಗಿ. ನೀರಿಗೆ ಇಳಿಯಬೇಡಿ, ಯಾರೂ.

ಎರಡನೆಯ ದಿನ: ನೀರಿನ ದಂಡೆ

ಚಿಕ್ಲಿಹೊಳೆ ಜಲಾಶಯ ಕುಶಾಲನಗರದ ಕಡೆಗಿದೆ. ಗುಡ್ಡೆಹೊಸೂರಿನಿಂದ ನಂಜರಾಯಪಟ್ಟಣದತ್ತ ಹೋಗುವ ರಸ್ತೆಯಿಂದ ಒಳಕ್ಕೆ ತಿರುಗಬೇಕು. ಕಾವೇರಿಗೆ ಸೇರುವ ಚಿಕ್ಲಿಹೊಳೆಗೆ ಕಟ್ಟಿದ ಚಿಕ್ಕ ಅಣೆಕಟ್ಟು ಇದು. ಹೆಚ್ಚಾದ ನೀರು ಹರಿದು ಹೋಗುವ ಕೋಡಿ ಅರ್ಧಚಂದ್ರಾಕಾರವಾಗಿದೆ. ಕೆರೆ ತುಂಬಿದಾಗ ಅದರ ಅಂಚಿನಿಂದ ಒಳಮುಖವಾಗಿ ನೀರು ಸುತ್ತಲೂ ಇಳಿಯುವುದನ್ನು ನೋಡುವುದು ದೊಡ್ಡವರಿಗೂ ವಿಸ್ಮಯ. ಆಚೆ ದಂಡೆಗೆ ಮೀಸಲು ಅರಣ್ಯ, ಈಚೆ ಏರಿಯ ದಾರಿ. ಏರಿ ಬಹುತೇಕ ಸಮತಟ್ಟು. ನಿನ್ನೆ ಅರಮನೆಯ ಜಗಲಿಯಲ್ಲೇ ಕೂತಿದ್ದ ಅಜ್ಜ ಅಜ್ಜಿ ಇಂದು ಮೊಮ್ಮಕ್ಕಳ ಕೈ ಹಿಡಿದು ನಡೆಯಬಹುದಾದ ಜಾಗ ಇದು.

ಏರಿಯ ಮೇಲೆ ನಡೆಯಿರಿ, ಕಾಡಿನೊಳಗೆ ಇಳಿಯಬೇಡಿ. ಕಾರಣ ಆನೆ. ಈ ಭಾಗದ ಕಾಡು ಮತ್ತು ತೋಟಗಳ ನಡುವೆ ಆನೆಗಳು ದಿನವೂ ಓಡಾಡುತ್ತವೆ, ಕೆರೆಗೆ ನೀರು ಕುಡಿಯಲು ಬರುತ್ತವೆ. ಹಲಸು ಹಣ್ಣಾಗುವ ಕಾಲದಲ್ಲಿ ತೋಟಗಳಿಗೇ ನುಗ್ಗುತ್ತವೆ. ಬೆಳಗ್ಗೆ ಎಂಟಕ್ಕಿಂತ ಮುಂಚೆ, ಸಂಜೆ ಐದರ ಮೇಲೆ ಇಲ್ಲಿ ನಡಿಗೆ ಬೇಡ. ಹೋಗುವ ಮೊದಲು ದಾರಿಯಲ್ಲಿ ಸಿಗುವ ಯಾರನ್ನಾದರೂ 'ಅಣ್ಣಾ, ಈ ಕಡೆ ಆನೆ ಇದೆಯಾ?' ಎಂದು ಕೇಳಿ. ನಿನ್ನೆ ರಾತ್ರಿ ಎಲ್ಲಿತ್ತು, ಮರಿ ಜೊತೆಗಿದೆಯೇ ಎಂಬುದೆಲ್ಲ ತೋಟದ ಜನರಿಗೆ ಗೊತ್ತಿರುತ್ತದೆ. ದಾರಿಯಲ್ಲಿ ಹಬೆಯಾಡುವ ಲದ್ದಿ, ಈಗಷ್ಟೇ ಮುರಿದ ಕೊಂಬೆ ಕಂಡರೆ ಅಲ್ಲಿಂದಲೇ ತಿರುಗಿ. ಆನೆಯೇ ಕಂಡರೆ ಕಿರುಚಬಾರದು, ಫೋಟೊಗೆ ನಿಲ್ಲಬಾರದು, ಕಲ್ಲು ಎಸೆಯಬಾರದು. ಮಕ್ಕಳನ್ನು ಎತ್ತಿಕೊಂಡು ಬಂದ ದಾರಿಯಲ್ಲೇ ಸದ್ದಿಲ್ಲದೆ ಹಿಂದೆ ಸರಿಯಿರಿ. ಜಲಾಶಯದ ನೀರಿಗೆ ಇಳಿಯುವುದೂ ಬೇಡ. ಕೆಸರು ಎಷ್ಟು ಆಳವಿದೆ ಎಂದು ದಂಡೆಯಲ್ಲಿ ನಿಂತವರಿಗೆ ತಿಳಿಯುವುದಿಲ್ಲ.

ಹೊನ್ನಮ್ಮನ ಕೆರೆ ಸೋಮವಾರಪೇಟೆಯ ಹತ್ತಿರ ದೊಡ್ಡಮಳ್ತೆಯಲ್ಲಿದೆ. ಸುತ್ತ ಗುಡ್ಡ, ಕಾಫಿ ತೋಟ, ಗದ್ದೆ. ದಂಡೆಯ ಮೇಲೆ ಹೊನ್ನಮ್ಮನ ಗುಡಿ. ಕೆರೆ ತೋಡಿದರೂ ನೀರು ಬಾರದಿದ್ದಾಗ ಊರಿಗಾಗಿ ತನ್ನನ್ನೇ ಅರ್ಪಿಸಿಕೊಂಡ ಹೆಣ್ಣುಮಗಳ ಕಥೆಯನ್ನು ಇಲ್ಲಿಯವರು ಹೇಳುತ್ತಾರೆ. ಗೌರಿ ಹಬ್ಬದ ದಿನ ಕೆರೆಗೆ ಬಾಗಿನ ಬಿಡುತ್ತಾರೆ, ಆ ದಿನ ಜಾತ್ರೆಯೇ. ಪಕ್ಕದಲ್ಲೇ ಗವಿಬೆಟ್ಟವಿದೆ. ನನಗೆ ಕೇಳಿದರೆ ಕಾಡು ಹೆಚ್ಚು ಬೇಕೆನ್ನುವವರಿಗೆ ಚಿಕ್ಲಿಹೊಳೆ, ಆನೆಯ ಚಿಂತೆ ಕಡಿಮೆ ಇರಲಿ, ಕಥೆಯೂ ಗುಡಿಯೂ ಇರಲಿ ಎನ್ನುವವರಿಗೆ ಹೊನ್ನಮ್ಮನ ಕೆರೆ. ಇಲ್ಲಿ ಜನ ಪೂಜಿಸುವ ನೀರು ಇದು. ಪೊಟ್ಟಣ ಎಸೆಯುವುದು, ಕಾಲು ತೊಳೆಯುವುದು, ಕೂಗಾಟ ಬೇಡ.

ಎತ್ತಿಕೊಳ್ಳುವ ಕೂಸು ಇದ್ದರೆ ಕುಶಾಲನಗರದ ಕಾವೇರಿ ನಿಸರ್ಗಧಾಮವೇ ವಾಸಿ. ಕಾವೇರಿಯ ನಡುವಿನ ದ್ವೀಪ, ತೂಗುಸೇತುವೆ, ಬಿದಿರಿನ ನೆರಳು, ಗುರುತು ಮಾಡಿದ ಕಾಲುದಾರಿ, ಶೌಚಾಲಯ. ಜನಜಂಗುಳಿ ಇರುತ್ತದೆ, ಬೆಳಗ್ಗೆ ಬಾಗಿಲು ತೆರೆದ ಕೂಡಲೇ ಹೋಗಿ.

ನಾಗರಹೊಳೆಯ ಕಡೆ ಕೆರೆದಂಡೆಯಲ್ಲಿ ನಡೆಯಬಹುದೇ ಎಂದು ಕೇಳುವವರಿದ್ದಾರೆ. ಅದು ಹುಲಿ ಸಂರಕ್ಷಿತ ಪ್ರದೇಶ. ಅಲ್ಲಿ ಕಾಲ್ನಡಿಗೆ ಇಲ್ಲ, ಇಲಾಖೆಯ ಸಫಾರಿ ಮಾತ್ರ.

ಚೀಲದಲ್ಲಿ ಏನಿರಬೇಕು

ತಲೆಗೆ ಒಂದು ಲೀಟರ್‌ಗೆ ಕಡಿಮೆಯಿಲ್ಲದಂತೆ ಕುದಿಸಿ ಆರಿಸಿದ ನೀರು. ತೋಡಿನ ನೀರು ಕನ್ನಡಿಯಂತಿದ್ದರೂ ಮೇಲೆ ದನ, ತೋಟ ಇರುತ್ತವೆ, ಮಕ್ಕಳಿಗೆ ಕುಡಿಸಬೇಡಿ. ತಿನ್ನಲು ಅಕ್ಕಿ ರೊಟ್ಟಿ, ಚಟ್ನಿಪುಡಿ, ಬಾಳೆಹಣ್ಣು, ಕಡಲೆಮಿಠಾಯಿ. ಸಿಕ್ಕರೆ ಕೊಡಗಿನ ಕಿತ್ತಳೆ. ಹೋಂಸ್ಟೇಯವರಿಗೆ ಹಿಂದಿನ ರಾತ್ರಿಯೇ ಹೇಳಿದರೆ ಬಾಳೆಎಲೆಯಲ್ಲಿ ಕಟ್ಟಿಕೊಡುತ್ತಾರೆ. ಒಂದು ಜೊತೆ ಹೆಚ್ಚಿನ ಸಾಕ್ಸ್, ತೆಳುವಾದ ರೇನ್‌ಕೋಟ್, ಬ್ಯಾಂಡೇಜ್, ಬಿಸಿಲಿಗೆ ಟೋಪಿ, ಟಾರ್ಚ್, ಓಆರ್‌ಎಸ್ ಪೊಟ್ಟಣ, ಕಸ ವಾಪಸ್ ತರಲು ಒಂದು ಬಟ್ಟೆ ಚೀಲ. ಹಿರಿಯರಿಗೆ ದಿನದ ಮಾತ್ರೆ. ಮಕ್ಕಳಿಗೆ ಹೊಸ ಬೂಟು ಹಾಕಿಸಿಕೊಂಡು ಬರಬೇಡಿ, ಮನೆಯಲ್ಲಿ ಹಾಕಿ ಹಳೆಯದಾದದ್ದೇ ಇರಲಿ.

ಹಾವು ಕಚ್ಚಿದರೆ, ಬಿದ್ದು ಪೆಟ್ಟಾದರೆ 108ಕ್ಕೆ ಕರೆ ಮಾಡಿ. ಸಿಗ್ನಲ್ ಸಿಗದಿದ್ದರೆ ಹತ್ತಿರದ ತೋಟದ ಮನೆಗೆ ಓಡಿ. ಕಚ್ಚಿದ ಜಾಗವನ್ನು ಕೊಯ್ಯುವುದು, ಬಾಯಿಂದ ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಕೂಡದು. ಮಗುವನ್ನು ಅಲುಗಾಡಿಸದೆ ಎತ್ತಿಕೊಂಡು ವಿರಾಜಪೇಟೆ ಇಲ್ಲವೇ ಮಡಿಕೇರಿಯ ಸರ್ಕಾರಿ ಆಸ್ಪತ್ರೆಗೆ ತಲುಪಿಸಿ.

ಮಳೆ ಹಿಡಿದುಬಿಟ್ಟರೆ

ಅಕ್ಟೋಬರ್‌ನಲ್ಲೂ ಇಡೀ ದಿನ ಮಳೆ ಸುರಿಯುವುದುಂಟು. ಆಗ ಕಾಡು, ಕೆರೆ ಎರಡನ್ನೂ ಬಿಟ್ಟು ಮಡಿಕೇರಿಯಲ್ಲೇ ಇರಿ. ಕೋಟೆಯೊಳಗಿನ ಅರಮನೆ, ಅದರ ಅಂಗಳದಲ್ಲಿ ಗಾರೆಯ ಎರಡು ದೊಡ್ಡ ಆನೆಗಳು, ಪಕ್ಕದಲ್ಲಿ ಹಳೆಯ ಇಗರ್ಜಿಯ ಕಟ್ಟಡದಲ್ಲಿರುವ ವಸ್ತುಸಂಗ್ರಹಾಲಯ. ಅಲ್ಲಿಂದ ಇಳಿದರೆ ಲಿಂಗರಾಜೇಂದ್ರ 1820ರಲ್ಲಿ ಕಟ್ಟಿಸಿದ ಓಂಕಾರೇಶ್ವರ ದೇವಸ್ಥಾನ. ಎದುರಿನ ಕಲ್ಯಾಣಿಯ ನಡುವೆ ಮಂಟಪ, ಅಲ್ಲಿಗೆ ಹೋಗಲು ಕಾಲುದಾರಿ, ನೀರಿನ ತುಂಬ ಮೀನು. ಮೆಟ್ಟಿಲು ಪಾಚಿ ಹಿಡಿದು ಜಾರುತ್ತದೆ, ಮಕ್ಕಳನ್ನು ಓಡಲು ಬಿಡಬೇಡಿ. ಮಳೆ ಸ್ವಲ್ಪ ಬಿಟ್ಟರೆ ಗದ್ದಿಗೆಗೂ ಹೋಗಿ ಬರಬಹುದು. ಗುಮ್ಮಟಗಳ ಕೆಳಗೆ ಮಲಗಿರುವವರಲ್ಲಿ ನಾಲ್ಕುನಾಡಿನ ಮಂಟಪದ ಮದುಮಕ್ಕಳೂ ಇದ್ದಾರೆ. ಮೂರು ಜಾಗಗಳೂ ಪೇಟೆಯೊಳಗೇ ಇರುವುದರಿಂದ ಒಂದೇ ಆಟೊ ಗೊತ್ತು ಮಾಡಿಕೊಂಡರೆ ಅರ್ಧ ದಿನದಲ್ಲಿ ಮುಗಿಯುತ್ತದೆ.